ಬಾಲಯೇಸುವನ್ನು ಮಲಗಿಸಬೇಕಾದ ಹಿರಿಯ

ಪೂಜ್ಯ ಮಾತೆ ಕ್ಲಾರಮ್ಮನವರು ಕುಷ್ಠರೋಗಿಗಳ ಸೇವೆಯಲ್ಲೇ ಸವೆದ ಜೀವ. ಶಿಂಷಾ ನದಿಯಾಚೆ ಕಲ್ಲುಗುಡ್ಡದ ಬುಡದಲ್ಲಿದ್ದ ಅವರ ಆಶ್ರಮಕ್ಕೆ ನಾಡಹೆಂಚಿನ ಒಂದಷ್ಟು ಮನೆಗಳು, ಒಂದು ಬಾವಿ, ಹುಣಸೆಮರದಡಿ ಪ್ರಾರ್ಥನೆಗೊಂದು ಚಪ್ಪರ, ಇಷ್ಟೇ ಆಸ್ತಿ. ಬೆಳಗಿನ ಪೂಜೆ ಮುಗಿಸಿ ಮಾತೆಯವರು ಮಣೆ ಹಾಕಿಕೊಂಡು ಕುಳಿತರೆಂದರೆ, ಒಬ್ಬೊಬ್ಬರ ಕಾಲನ್ನೂ ಮಡಿಲಲ್ಲಿಟ್ಟುಕೊಂಡು ಹುಣ್ಣು ತೊಳೆಯುತ್ತಿದ್ದರು. ಮಧ್ಯಾಹ್ನ ಹಳೇ ಟೈರು ಕೊಯ್ದು ಬೆರಳಿಲ್ಲದ ಆ ಪಾದಗಳಿಗೆ ಒಪ್ಪುವಂಥ ಚಪ್ಪಲಿ ಹೊಲಿಯುತ್ತಿದ್ದರು. ಮಾತು ಬಹಳ ಕಡಿಮೆ. "ಅಮ್ನೋರು ಬೈದ್ರೆ ತಡ್ಕೋಬೋದು, ಸುಮ್ನೆ ನೋಡಿದ್ರೆ ತಡ್ಕೊಳ್ಳಕ್ಕಾಗಲ್ಲ" ಎಂದು ಅಲ್ಲಿಯವರು ಹೇಳುತ್ತಿದ್ದರು.

ಕ್ರಿಸ್ಮಸ್‌ಗೆ ಮೊದಲಿನ ಒಂಬತ್ತು ಪ್ರಾರ್ಥನಾ ದಿನಗಳಲ್ಲಿ, ದಿನಕ್ಕೊಂದು ಕುಟುಂಬ ಊರಿನಿಂದ ಬಂದು, ಯೇಸು ಹುಟ್ಟಿದ ಕೊಟ್ಟಿಗೆಯಂತೆ ಆಶ್ರಮದಲ್ಲಿ ಕಟ್ಟಿದ ಗೋದಲಿಯ ಮುಂದೆ ಸಂಜೆಯ ಪ್ರಾರ್ಥನೆ ನಡೆಸುವುದು ಆ ಊರಿನ ಚರ್ಚಿನ ಪದ್ಧತಿ. ಕೊನೆಯ ದಿನ ಬರುವ ಮನೆಯವರಿಗೆ ಇನ್ನೊಂದು ಭಾಗ್ಯವೂ ಇತ್ತು. ಆ ಮನೆಯ ಹಿರಿಯರು ತಮ್ಮ ಕೈಯಾರೆ ಬಾಲಯೇಸುವಿನ ಪ್ರತಿಮೆಯನ್ನು ಗೋದಲಿಯ ಹುಲ್ಲಿನ ಮೇಲೆ ಮಲಗಿಸಬೇಕು. ಆ ವರ್ಷ ಅದು ಆಲೆಮನೆ ಚೌರಪ್ಪನ ಪಾಲಿಗೆ ಬಂತು.

ಚೌರಪ್ಪ ಬೆಲ್ಲದಷ್ಟೇ ಸಿಹಿಯಾಗಿ ಪ್ರಾರ್ಥನೆ ಮಾಡುವವನು. ಅವನು ಜಪಕ್ಕೆ ಕೂತರೆ ಒಲೆಯ ಮೇಲಿನ ಸಾರು ಮೂರು ಸಲ ಕುದಿಯಬೇಕು ಎಂದು ಹೆಂಡತಿ ಜ್ಞಾನಮ್ಮನೇ ನಗುತ್ತಿದ್ದಳು. ಆದರೆ ಇಷ್ಟು ವರ್ಷವೂ ಅವನು ಆಶ್ರಮದ ಸರದಿ ತಪ್ಪಿಸಿಕೊಂಡಿದ್ದ. ಮೈಗೆ ಹುಷಾರಿಲ್ಲ, ಆಲೆ ನಿಲ್ಲಿಸುವಂತಿಲ್ಲ ಎಂದು ಏನಾದರೂ ಹೇಳಿ, ರೋಗಿಗಳಿಗೆ ಬೆಲ್ಲದ ಅಚ್ಚು ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಈ ಸಲ ಚರ್ಚಿನ ಗುರುಗಳು ಪೀಠದಿಂದಲೇ ಹೆಸರು ಸಾರಿಬಿಟ್ಟರು. ಹೊಸ ವರ್ಷಕ್ಕೆ ಹಿರಿಮಗಳು ಫಿಲೋಮಿನಳ ಮದುವೆ ನಿಶ್ಚಯವಾಗಿತ್ತು. ಬೀಗರಾಗಲಿದ್ದ ಅಂತೋಣಪ್ಪನವರು, "ನಮ್ಮ ಬೀಗರಿಗೇ ಬಾಲಯೇಸು ಒಲಿದವ್ರೆ, ನಾನೂ ಬತ್ತೀನಿ" ಎಂದು ಹೊರಟು ನಿಂತರು. ಬೇಡವೆಂದರೆ ಅನುಮಾನ ಬರುತ್ತದೆಂದು ಚೌರಪ್ಪ ಅವರನ್ನೂ ಕರೆದುಕೊಂಡು ಹೊರಟ.

ಅವನ ಹೆದರಿಕೆಗೆ ಕಾರಣ ಆ ಆಶ್ರಮದೊಳಗೇ ಇತ್ತು. ಅವನ ಒಡಹುಟ್ಟಿದ ಅಣ್ಣ ಇನ್ನಾಸಪ್ಪ ಅಲ್ಲಿದ್ದ. ಚೌರಪ್ಪನಿಗೆ ಹೆಣ್ಣು ನೋಡುತ್ತಿದ್ದ ಕಾಲದಲ್ಲಿ ಅಣ್ಣನ ಮೈಮೇಲೆ ರೋಗದ ಮಚ್ಚೆ ಕಾಣಿಸಿತ್ತು. ಒಂದು ನಸುಕಿನಲ್ಲಿ ಗಾಡಿ ಕಟ್ಟಿ ಅವನನ್ನು ಆಶ್ರಮದ ಬಾಗಿಲಲ್ಲಿ ಇಳಿಸಿ, ದೂರದ ಆಸ್ಪತ್ರೆಯಲ್ಲಿ ಜ್ವರಕ್ಕೆ ತೀರಿಕೊಂಡ, ಅಲ್ಲೇ ಮಣ್ಣು ಮಾಡಿ ಬಂದೆ ಎಂದು ಊರಿಗೆ ಹೇಳಿದ. ಆಮೇಲೆ ಕೈಹಿಡಿದ ಹೆಂಡತಿಗೂ, ಹುಟ್ಟಿದ ಮಕ್ಕಳಿಗೂ ಅದನ್ನೇ ಹೇಳಿದ. ಹೇಳಿದ ಸುಳ್ಳಿಗೆ ಭಕ್ತಿಯ ಮುಸುಕನ್ನೂ ಹೊದಿಸಿದ. ಮನೆಯ ಸಂಜೆಯ ಪ್ರಾರ್ಥನೆ ದಿನವೂ ಅಣ್ಣನ ಆತ್ಮಶಾಂತಿಯ ಜಪದಿಂದಲೇ ಮುಗಿಯಬೇಕು, ಅದನ್ನು ಮನೆಯ ಅತಿ ಚಿಕ್ಕವರು ಹೇಳಬೇಕು ಎಂಬ ನಿಯಮ ಮಾಡಿದ್ದವನು ಅವನೇ.

ಚಪ್ಪರದಡಿ ರೋಗಿಗಳು ಚಾಪೆಯ ಮೇಲೆ ಸಾಲಾಗಿ ಕುಳಿತಿದ್ದರು. ಚೌರಪ್ಪ ಯಾರ ಮುಖವನ್ನೂ ನೋಡದೆ ಗೋದಲಿಯ ಕಡೆಗೇ ಕಣ್ಣು ನೆಟ್ಟ. ಆದರೂ ಎರಡನೇ ಸಾಲಿನ ಕೊನೆಯಲ್ಲಿ ಕುಳಿತಿದ್ದ ನರೆತ ತಲೆ ಅವನ ಕಣ್ಣಿಗೆ ಬಿತ್ತು. ಮೂಗು ತಗ್ಗಿತ್ತು, ಕೈಬೆರಳು ಮೊಟಕಾಗಿದ್ದವು, ಊರಿನವರು ಯಾರೂ ಗುರುತು ಹಿಡಿಯದಷ್ಟು ಮುಖ ಬದಲಾಗಿತ್ತು. ಕತ್ತು ವಾಲಿಸಿ ಕುಳಿತುಕೊಳ್ಳುವ ರೀತಿ ಮಾತ್ರ ಅಪ್ಪನದೇ. ಅಣ್ಣ ತಲೆಯೆತ್ತಲಿಲ್ಲ. ತನ್ನನ್ನು ಕಾಪಾಡಲೆಂದೇ ಅಣ್ಣ ತಲೆ ತಗ್ಗಿಸಿದ್ದಾನೆ ಎಂದು ಚೌರಪ್ಪನಿಗೆ ಗೊತ್ತಾಯಿತು. ಗೊತ್ತಾಗಿಯೂ ಅವನು ಉಸಿರು ಬಿಟ್ಟದ್ದು ನೆಮ್ಮದಿಯಿಂದ. ಮುಂದೆ ಅವನು ಬದುಕಿಡೀ ನಾಚಿದ್ದು ಆ ನೆಮ್ಮದಿಗೆ.

ಜಪಸರ ಮುಗಿದ ಮೇಲೆ ಅವನು ವಿಮೋಚನೆಯ ಬಗ್ಗೆ ನಾಲ್ಕು ಮಾತಾಡಿದ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಸಂಜೆಗಳಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೇಳಿ ಹೇಳಿ ಬಾಯಿಗೆ ರೂಢಿಯಾದ ಮಾತುಗಳು ಅವು. "ದೇವರು ಸ್ವರ್ಗದಲ್ಲೇ ಕೂತು ನಮ್ಮನ್ನ ಉಳಿಸ್ಬೋದಿತ್ತು. ಹಂಗೆ ಮಾಡ್ಲಿಲ್ಲ. ನಾವು ಬಿದ್ದಿರೋ ಕಡೆಗೆ ತಾನೇ ಇಳಿದು ಬಂದ. ನಮ್ಮ ಕೊಳೆ ನೋಡಿ ಹೇಸ್ಕೊಳ್ಳದೆ, ಇವರು ನನ್ನೋರು ಅಂದ…" ಅಲ್ಲಿಗೆ ಮಾತು ನಿಲ್ಲಿಸಿ ಕಣ್ಣೊರೆಸಿಕೊಂಡ. ಭಕ್ತಿ ಉಕ್ಕಿ ಬಂತೆಂದುಕೊಂಡು ಅಂತೋಣಪ್ಪನವರು ತಲೆದೂಗಿದರು. ಮಾತೆ ಕ್ಲಾರಮ್ಮನವರು ಮಾತ್ರ ಅವನನ್ನೇ ನೋಡುತ್ತಿದ್ದರು. ಅಂದು ನಸುಕಿನಲ್ಲಿ ಬಾಗಿಲು ತೆರೆದು ಅಣ್ಣನ ಕೈಹಿಡಿದು ಒಳಗೆ ಕರೆದೊಯ್ದವರು ಅವರೇ.

ಇನ್ನೇನು ಮುಗಿಯಿತು ಎನ್ನುವಾಗ ಜ್ಞಾನಮ್ಮ ಪಕ್ಕದಲ್ಲಿದ್ದ ಕಿರಿಮಗಳು ಲೂರ್ದುವನ್ನು ಮೆಲ್ಲಗೆ ತಿವಿದಳು. "ನಿನ್ನ ಪ್ರಾರ್ಥನೆ ಮರ್ತ್ಯೇನೇ?"

ಎಲ್ಲದಕ್ಕೂ ಮುನ್ನೆಚ್ಚರಿಕೆ ವಹಿಸಿದ್ದ ಚೌರಪ್ಪ ಮಗುವಿಗೆ ಹೇಳುವುದನ್ನೇ ಮರೆತಿದ್ದ. ತಡೆಯಲು ಕೈ ಎತ್ತುವಷ್ಟರಲ್ಲಿ ಲೂರ್ದು ಎದ್ದು ನಿಂತು, ಕೈಮುಗಿದು, ಕಣ್ಮುಚ್ಚಿ, ಮುದ್ದಾಗಿ ಶುರುಮಾಡಿದಳು:

"ನಮ್ಮ ದೊಡ್ಡಪ್ಪ ಇನ್ನಾಸಪ್ಪನವರ ಆತ್ಮಕ್ಕೋಸ್ಕರ ಬೇಡಿಕೊಳ್ಳೋಣ. ನಿತ್ಯ ವಿಶ್ರಾಂತಿಯನ್ನು ಅವರಿಗೆ ಕರುಣಿಸಿರಿ ಸ್ವಾಮಿ."

ಚಾಪೆಯ ಮೇಲಿದ್ದ ರೋಗಿಗಳಿಗೆಲ್ಲ ಇನ್ನಾಸಪ್ಪ ಗೊತ್ತು. ಅವನ ಊರೂ ಗೊತ್ತು. ಜಪದ ಉಳಿದ ಸಾಲನ್ನು ಕೂಡಿದವರು ಉತ್ತರವಾಗಿ ಹೇಳಬೇಕು, ಯಾರೂ ಹೇಳಲಿಲ್ಲ. ಮಗು ಕಣ್ಣು ಬಿಟ್ಟು ಗಲಿಬಿಲಿಯಿಂದ ಅಪ್ಪನನ್ನು ನೋಡಿತು. ಆಗ ಎರಡನೇ ಸಾಲಿನ ಕೊನೆಯಿಂದ ಒಡಕು ದನಿಯೊಂದು ನಿಧಾನವಾಗಿ ಹೇಳಿತು:

"ನಿತ್ಯ ಜ್ಯೋತಿಯು ಅವರ ಮೇಲೆ ಪ್ರಕಾಶಿಸಲಿ."

ಇನ್ನಾಸಪ್ಪ ತನ್ನ ಸಾವಿನ ಜಪಕ್ಕೆ ತಾನೇ ಉತ್ತರ ಕೊಟ್ಟಿದ್ದ. ಭೂಮಿ ಬಾಯ್ಬಿಟ್ಟಿದ್ದರೆ ಚೌರಪ್ಪ ಹಿಂದುಮುಂದು ನೋಡದೆ ಇಳಿದುಬಿಡುತ್ತಿದ್ದ.

ಮಾತೆ ಕ್ಲಾರಮ್ಮನವರು ಎದ್ದರು. ಬಾಲಯೇಸುವಿನ ಪ್ರತಿಮೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಚೌರಪ್ಪನ ಮುಂದೆ ಬಂದು ನಿಂತರು. ಅವನು ಕೈ ಚಾಚಿದ. ಅವರು ಕೊಡಲಿಲ್ಲ.

"ಮನೆಗೆ ಹಿರಿಯರಾದವರು ಮಲಗಿಸಬೇಕು. ನಿಮ್ಮ ಮನೆಗೆ ಹಿರಿಯರು ಯಾರಪ್ಪ?"

ಅಷ್ಟೇ ಕೇಳಿದರು. ಗದರಲಿಲ್ಲ, ಬೊಟ್ಟು ಮಾಡಲಿಲ್ಲ. ನಾನೇ ಎಂದು ಚೌರಪ್ಪ ಹೇಳಿದ್ದರೆ ಪ್ರತಿಮೆ ಅವನ ಕೈಗೆ ಬರುತ್ತಿತ್ತು. ಅಣ್ಣನೂ ಸುಮ್ಮನಿರುತ್ತಿದ್ದ, ಮಗಳ ಮದುವೆಯೂ ನಡೆಯುತ್ತಿತ್ತು. ಅವನ ಬಾಯಿ ಆ ಮಾತಿಗೆ ತೆರೆದದ್ದೂ ನಿಜ. ಆದರೆ ಮಾತೆಯವರ ಕೈಯಲ್ಲಿದ್ದ ಆ ಪುಟ್ಟ ಮುಖದ ಎದುರು ಅದು ಹೊರಡಲಿಲ್ಲ. ಅವನು ರೋಗಿಗಳ ಸಾಲಿನ ನಡುವೆ ನಡೆದು ಹೋಗಿ ಇನ್ನಾಸಪ್ಪನ ಟೈರಿನ ಚಪ್ಪಲಿಯ ಮೇಲೆ ಹಣೆಯಿಟ್ಟ.

"ಅಣ್ಣಾ… ಎಲ್ರ ಮುಂದೆ ಹೇಳ್ತೀನಿ ಕಣಣ್ಣಾ, ನೀನು ಸತ್ತಿಲ್ಲ. ನಾನೇ ನಿನ್ನ ಸಾಯಿಸ್ದೆ."

ಅಂತೋಣಪ್ಪನವರು ಹೆಗಲ ಮೇಲಿನ ಟವೆಲು ಕೊಡವಿ ಎದ್ದು ಹೋದರು. ಆ ಸಂಬಂಧ ಅಲ್ಲಿಗೇ ಮುರಿಯಿತು. ಜ್ಞಾನಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಕುಳಿತೇ ಇದ್ದಳು. ಗಂಡನ ಜೊತೆ ಮೊದಲಿನಂತೆ ಮಾತಾಡಲು ಅವಳಿಗೆ ಬಹಳ ಕಾಲವೇ ಹಿಡಿಯಿತು. ಮದುವೆ ಮುರಿದದ್ದನ್ನು ಕಣ್ಣಾರೆ ಕಂಡ ಫಿಲೋಮಿನಳೇ ಎದ್ದು ಬಂದು ದೊಡ್ಡಪ್ಪನ ತೋಳು ಹಿಡಿದು ಎಬ್ಬಿಸಿದಳು. ಬೆರಳು ಮೊಟಕಾದ ಆ ಕೈಗಳಿಗೆ ಮಾತೆಯವರು ಬಾಲಯೇಸುವನ್ನು ಕೊಟ್ಟರು. ಪ್ರತಿಮೆ ಜಾರದಂತೆ ಚೌರಪ್ಪ ಕೆಳಗಿನಿಂದ ತನ್ನ ಅಂಗೈ ಹಿಡಿದ. ಹಾಗೆ ಇಬ್ಬರೂ ಸೇರಿ ಮಲಗಿಸಿದರು.

ಆ ಸಂಜೆಯೇ ಇನ್ನಾಸಪ್ಪನನ್ನು ಮನೆಗೆ ಕರೆದುಕೊಂಡು ಬಂದರು. ಊಟಕ್ಕೆ ಕೂತಾಗ ಚೌರಪ್ಪ ಅಣ್ಣನ ಕಡೆ ತಿರುಗಿದ. "ಅಣ್ಣಾ, ಆ ಜಪಕ್ಕೆ ನೀನ್ಯಾಕೆ ಉತ್ತರ ಹೇಳ್ದೆ? ಅಲ್ಲೇ ನನ್ನ ಮಾನ ಕಳೀಬೋದಿತ್ತಲ್ಲ" ಎಂದು ಕೇಳಿದ.

ಇನ್ನಾಸಪ್ಪ ಕತ್ತು ವಾಲಿಸಿ ನಕ್ಕ.

"ನಿಮ್ಮನೇಲಿ ನನ್ನ ಹೆಸರು ಎತ್ತೋರೇ ಇಲ್ಲ ಅನ್ಕೊಂಡಿದ್ದೆ ಕಣೋ. ಈ ಕೂಸು ದಿನಾ ಹೇಳ್ತದೆ ಅಂತ ಇವತ್ತು ಗೊತ್ತಾಯ್ತು. ಸಂತೋಷ ತಡೀನಾರದೆ ಬಾಯಿಗೆ ಬಂದ್ಬಿಡ್ತು."

ಚೌರಪ್ಪ ತಟ್ಟೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅವನು ಬದುಕಿದ್ದಷ್ಟು ಕಾಲವೂ ಅವನ ಮನೆಯ ಪ್ರಾರ್ಥನೆ ಸಾರು ಒಂದು ಕುದಿ ಬರುವುದರೊಳಗೆ ಮುಗಿಯುತ್ತಿತ್ತು. ಅದರ ಕೊನೆಯ ಸಾಲನ್ನು ಲೂರ್ದು ಬಿಟ್ಟುಕೊಡಲಿಲ್ಲ. ದೊಡ್ಡಪ್ಪನ ಹೆಸರನ್ನೇ ಹೇಳಿ, ಅವರಿಗೆ ದೀರ್ಘಾಯುಸ್ಸು ಕೊಡಿ ಸ್ವಾಮಿ ಎಂದು ಬೇಡುತ್ತಿದ್ದಳು. ಅದಕ್ಕೆ ಎಲ್ಲರಿಗಿಂತ ಮೊದಲು ಆಮೆನ್ ಹೇಳುತ್ತಿದ್ದವನು ಚೌರಪ್ಪ.