ಮೆಲುದನಿಯ ಪರೀಕ್ಷೆ

ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ದೊಡ್ಡ ಸ್ಪೀಕರೂ ಪುಟ್ಟ ಸ್ಪೀಕರೂ ಒಂದೇ ಗಾಜಿನ ಕಪಾಟಿನ ಮೇಲೆ ಕೂತಿದ್ದವು. ಬೆಲೆ ಎರಡಕ್ಕೂ ಒಂದೇ, ವಿದ್ಯಾರ್ಥಿಗಳ ಕೈಗೆಟಕುವಷ್ಟು. ದೊಡ್ಡದು ಬಾಯಿ ತೆರೆದರೆ ಕಪಾಟಿನ ಗಾಜು ಗಡಗಡ ನಡುಗುತ್ತಿತ್ತು.

"ನಿನ್ನನ್ನು ಯಾರಯ್ಯಾ ಕೊಳ್ಳುತ್ತಾರೆ? ನೀನು ಹಾಡಿದರೆ ಪಕ್ಕದ ಅಂಗಡಿಗೂ ಕೇಳಿಸುವುದಿಲ್ಲ," ಎಂದಿತು ದೊಡ್ಡದು.

"ಪಕ್ಕದ ಅಂಗಡಿಯವರು ನನ್ನನ್ನು ಕೊಳ್ಳುವುದಿಲ್ಲವಲ್ಲ," ಎಂದಿತು ಪುಟ್ಟದು.

ಅಷ್ಟರಲ್ಲಿ ನಸೀಮಾ ಎಂಬ ವಿದ್ಯಾರ್ಥಿನಿ ಬಂದಳು. ಮೊದಲ ಸಲ ತನಗೆಂದೇ ಒಂದು ಬಾಡಿಗೆ ಕೋಣೆ ಹಿಡಿದಿದ್ದಳು. ಅಂಗಡಿಯವನು ದೊಡ್ಡದನ್ನು ಜೋರಾಗಿ ಹಾಕಲು ಹೋದ. "ಪೂರ್ತಿ ತಿರುಗಿಸಿದರೆ ತಾನೇ ಇದರ ತಾಕತ್ತು ಗೊತ್ತಾಗೋದು!"

"ಬೇಡ ಅಣ್ಣಾ, ಎಷ್ಟು ಸಣ್ಣಗಾಗುತ್ತೋ ಅಷ್ಟು ಸಣ್ಣಗೆ ಹಾಕಿ," ಎಂದಳು ನಸೀಮಾ. "ನನ್ನ ಗೋಡೆಯಾಚೆ ಒಬ್ಬರು ನರ್ಸ್ ಅಕ್ಕ ಇದ್ದಾರೆ. ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುತ್ತಾರೆ."

ದೊಡ್ಡದು ಗಂಟಲಲ್ಲೇ ಗೊರಗೊರ ಎಂದಿತು. ಹಾಡಿನ ಒಂದು ಮಾತೂ ತಿಳಿಯಲಿಲ್ಲ. ಪುಟ್ಟದು ಅದೇ ಹಾಡನ್ನು ಯಾರೋ ಪಕ್ಕದಲ್ಲಿ ಕೂತು ಹೇಳಿದಂತೆ ಹೇಳಿತು. ನಡುವೆ ಗಾಯಕಿ ಉಸಿರೆಳೆದುಕೊಂಡದ್ದೂ ಕೇಳಿಸಿತು. ನಸೀಮಾ ಪುಟ್ಟದನ್ನೇ ಕೊಂಡು ಚೀಲಕ್ಕೆ ಹಾಕಿಕೊಂಡು ಹೋದಳು.

ದೊಡ್ಡದಕ್ಕೆ ಅರ್ಥವಾಗಲಿಲ್ಲ. "ನಾನೂ ಮೆಲ್ಲಗೇ ಹಾಡಿದೆನಲ್ಲ?" ಎಂದು ಗಾಜನ್ನು ಕೇಳಿತು.

ಅಂದು ಮೊದಲ ಬಾರಿಗೆ ನಡುಗದೆ ನಿಂತಿದ್ದ ಗಾಜು ಹೇಳಿತು: "ನೀನು ಕೂಗುವುದನ್ನು ನಿಲ್ಲಿಸಿದೆ, ಅಷ್ಟೇ. ಹಾಡಿದ್ದು ಆ ಪುಟ್ಟದು."