ಎಲ್ಲ ಆಟಕ್ಕೂ ಒಂದೇ ಸೂತ್ರ

ಹಾಲಯ್ಯನವರ ಆಶ್ರಮ ನದಿ ದಂಡೆಯಲ್ಲಿತ್ತು. ಯಾವ ನದಿ ಅಂತ ಕೇಳಬೇಡಿ. ಹೋದ ಸಲ ಏನೋ ಒಂದು ಹೆಸರು ಹೇಳಿದ್ದೆ, ಈಗ ಮರೆತಿದೆ.

ಅಲ್ಲಿ ಪಾಠ ನಡೆಯುತ್ತಿದ್ದದ್ದು ಅಳಗುಳಿ ಮಣೆಯ ಮೇಲೆ. ಒಂದು ಗುಳಿಯ ಹುಣಸೆ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗುವುದು. ಕೈ ಬರಿದಾದರೆ ಅದರ ಮುಂದಿನ ಗುಳಿಯದ್ದು ಎತ್ತುವುದು. ಆ ಗುಳಿ ಖಾಲಿಯಿದ್ದರೆ ಕೈ ನಿಂತಿತು. ಕೆಲವು ಸಲ ನಿಲ್ಲುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ.

ಆಡಿ ನೋಡದೆ, ಬರೀ ಮಣೆ ನೋಡಿ, ಕೈ ನಿಲ್ಲುತ್ತದೋ ಇಲ್ಲವೋ ಹೇಳುವ ಸೂತ್ರ ಇದೆಯೇ? ಶಿಷ್ಯ ಮಂಚಣ್ಣ ಏಳು ವರ್ಷ ಹುಡುಕಿದ್ದು ಅದೊಂದನ್ನೇ. ಊಟಕ್ಕೆ ಕೂತರೂ ಅವನ ಬೆರಳು ಎಣಿಸುತ್ತಿದ್ದವು.

ಮದುವೆಗೆ ಶಿವರಾತ್ರಿವರೆಗೆ ಕಾಯುತ್ತೇನೆ, ಆಮೇಲೆ ಇಲ್ಲ ಅಂತ ಅವನ ಸೋದರಮಾವನ ಮಗಳು ಗಿರಿಜೆ ಹೇಳಿಕಳಿಸಿದ್ದಳು. ಊರು ಮೂರು ದಿನದ ದಾರಿ. ಆಶ್ರಮದ ಕಟ್ಟಳೆಯೋ, ಹಿಡಿದ ಪ್ರಶ್ನೆ ಮುಗಿಸದೆ ಹೊರಟವನು ಮತ್ತೆ ಒಳಗೆ ಬರುವಂತಿಲ್ಲ.

ಹಬ್ಬಕ್ಕೆ ಸರಿಯಾಗಿ ಮೂರು ದಿನವಿದ್ದಾಗ ಮಂಚಣ್ಣ ಗಂಟು ಕಟ್ಟಿಕೊಂಡೇ ಬಂದ. ಸೂತ್ರ ಸಿಕ್ಕಿತು ಅಂದ. ಗುರುಗಳು ಒಂದು ಮಣೆ ಜೋಡಿಸಿಕೊಟ್ಟರು. ಬೆಳಗ್ಗೆ ಲೆಕ್ಕಕ್ಕೆ ಕೂತವನು ಕೈ ನಿಲ್ಲುತ್ತದೆ ಅನ್ನುವಷ್ಟರಲ್ಲಿ ಸಂಜೆ. ಗುರುಗಳು ಇನ್ನೊಂದು ಮಣೆಯಲ್ಲಿ ಅದನ್ನೇ ಆಡಿ, ನಿಂತದ್ದು ನೋಡಿ, ಮಧ್ಯಾಹ್ನ ಒಂದು ನಿದ್ದೆಯನ್ನೂ ತೆಗೆದಿದ್ದರು.

"ಸರಿಯಾಗಿದೆ ಕಣಯ್ಯಾ," ಅಂದರು. "ಈ ಆಟಕ್ಕೆ ಮಾತ್ರವೋ?"

"ಯಾವ ನಿಯಮದ ಆಟಕ್ಕಾದರೂ ಸರಿ, ಗುರುಗಳೇ."

"ಹಾಗಾದರೆ ನನ್ನದೊಂದು ಆಟ. ಈ ಆಟದಲ್ಲಿ ಕೈ ನಿಲ್ಲುತ್ತದೋ ಅಂತ ಮೊದಲು ನಿನ್ನ ಸೂತ್ರವನ್ನೇ ಕೇಳೋದು. ನಿಲ್ಲುತ್ತದೆ ಅಂದರೆ ಸುತ್ತುತ್ತಲೇ ಇರೋದು. ನಿಲ್ಲೋದಿಲ್ಲ ಅಂದರೆ ನಿಂತುಬಿಡೋದು. ಇಷ್ಟೇ ನಿಯಮ. ಈಗ ಹೇಳು, ನನ್ನ ಕೈ ನಿಲ್ಲುತ್ತದೋ?"

ಮಂಚಣ್ಣ ನಿಲ್ಲುತ್ತದೆ ಅಂದ. ಗುರುಗಳು ಬೀಜ ಎತ್ತಿ ಹಾಕತೊಡಗಿದರು. ಇಲ್ಲ, ನಿಲ್ಲುವುದಿಲ್ಲ ಅಂದ. ಕೈಕಟ್ಟಿ ಕೂತರು.

ಅವನು ಎದ್ದ, ಕೂತ, ನೀರಿನ ತನಕ ಹೋಗಿ ಬಂದ. ಬರೆದ ಓಲೆಗಳನ್ನೆಲ್ಲ ನದಿಗೆ ಎಸೆದ ಅಂತಲೂ ಹೇಳುತ್ತಾರೆ. ಎಸೆಯಲಿಲ್ಲ, ಅದು ನಾನು ಸೇರಿಸಿದ್ದು.

"ಹಾಗಿದ್ದರೆ ಎಲ್ಲ ಆಟಕ್ಕೂ ಒಂದೇ ಸೂತ್ರ ಇರೋದು ಸಾಧ್ಯವೇ ಇಲ್ಲ," ಅಂದ ಕೊನೆಗೆ.

"ಇಲ್ಲ ಅನ್ನೋದೂ ಉತ್ತರವೇ. ನಿನ್ನ ಪ್ರಶ್ನೆ ಮುಗೀತು. ಹೋಗು, ಬೇಕಾದಾಗ ಬಾ."

ಮಂಚಣ್ಣ ಗಂಟು ಎತ್ತಿದ. ಬಾಗಿಲ ಬಳಿ ನಿಂತ. ಗಂಟು ಕೆಳಗಿಟ್ಟ. ಬೆರಳು ಮತ್ತೆ ಎಣಿಸತೊಡಗಿದವು. ಲೆಕ್ಕದಲ್ಲೇ ಒಂದು ದಿನ ಕಳೆದಿತ್ತು, ಉಳಿದದ್ದು ಎರಡು.

"ಓಡಿದರೆ ಮುಟ್ಟುತ್ತೇನಾ, ಗುರುಗಳೇ? ತಡವಾದರೆ ಅವಳು ಇನ್ನೊಂದು ದಿನ ಕಾಯುತ್ತಾಳಾ?"

ಗುರುಗಳು ಗಂಟನ್ನೆತ್ತಿ ಅವನ ಹೆಗಲಿಗೇರಿಸಿದರು.

"ಅದನ್ನೂ ಆಡಿ ನೋಡದೆಯೇ ಹೇಳಬೇಕೇನೋ?"