ಕಿಟಕಿಯಲ್ಲಿ ನಿಂತವನು

ಅಡವಯ್ಯ ಗುರುಗಳ ಮಠ ಹೊಳೆಯ ದಡದಲ್ಲಿತ್ತು. ಅಲ್ಲೇ ಬೆಳೆದ ಶಿಷ್ಯ ಮುರಿಗೆಪ್ಪನಿಗೆ ನೀರಿನ ಬಣ್ಣ ನೋಡಿದರೆ ಸಾಕು, ಮೇಲೆ ಎಲ್ಲೋ ಮಳೆಯಾಗಿದೆ ಎಂದು ತಿಳಿಯುತ್ತಿತ್ತು.

ಹತ್ತಿ ವ್ಯಾಪಾರದ ಕಂಪನಿಯೊಂದು ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿದೆ ಎಂಬ ಸುದ್ದಿ ಬಂತು. ಸಂದರ್ಶನಕ್ಕೆ ಹೋಗಲೇ ಎಂದು ಮುರಿಗೆಪ್ಪ ಗುರುಗಳನ್ನು ಕೇಳಿದ. ಮಠದ ಆಚೆ ತಾನು ಯಾವ ಕೆಲಸಕ್ಕಾದರೂ ಬರುತ್ತೇನೆಯೇ ಎಂದು ತಿಳಿಯುವ ಆಸೆ ಅವನಿಗೆ.

ಗುರುಗಳು ಅವನ ಅಂಗಿಯ ಗುಂಡಿ ಸರಿಮಾಡಿ ಕಳಿಸಿಕೊಟ್ಟರು.

ಕಂಪನಿಯ ಕಟ್ಟಡವೂ ಹೊಳೆಗೆ ಮುಖ ಮಾಡಿತ್ತು. ಮಾಲೀಕ ಬಂದವರನ್ನೆಲ್ಲ ಒಟ್ಟಿಗೇ ಮಾಳಿಗೆಗೆ ಕರೆಸಿದ. ಓದಿನ ಬಗ್ಗೆ ಒಂದು ಮಾತೂ ಕೇಳದೆ ಕಿಟಕಿಗಳ ಎದುರು ನಿಲ್ಲಿಸಿದ. ಹೊರಗೆ ಸುಡುಬಿಸಿಲು, ಆ ಕೋಣೆ ಮಾತ್ರ ತಣ್ಣಗಿತ್ತು. ಗೋಡೆಗೆ ಒರಗಿ ಕೂತಿದ್ದ ಹಳೆಯ ನೌಕರರು ಯಾರೂ ತಲೆ ಎತ್ತಲಿಲ್ಲ.

ಆಚೆ ದಡದಿಂದ ದೋಣಿಯೊಂದು ಹೊರಟಿತ್ತು. ಅದರಲ್ಲಿ ಬೇರೆ ವ್ಯಾಪಾರಿಯ ಹತ್ತಿ ಇದೆ, ಜನರೂ ಇದ್ದಾರೆ ಎಂದ ಮಾಲೀಕ. ದಡ ಸೇರಿದರೆ ಪೇಟೆಯಲ್ಲಿ ದರ ಇಳಿಯುತ್ತದೆ, ಸೇರದಿದ್ದರೆ ಏರುತ್ತದೆ.

"ಈಗ ನಾವು ಕೊಳ್ಳಬೇಕೋ, ಮಾರಬೇಕೋ?"

ಮುರಿಗೆಪ್ಪ ನೀರು ನೋಡಿದ. ನಡುಹೊಳೆ ಕೆಂಪಾಗುತ್ತಿತ್ತು.

"ಕೊಳ್ಳಬೇಕು," ಎಂದ.

ಪಕ್ಕದಲ್ಲಿದ್ದ ದಾವಲ್ ಎಂಬವನು ಯಾಕೆ ಎಂದು ಮೆಲ್ಲಗೆ ಕೇಳಿದ. ಮೇಲಿನಿಂದ ಪ್ರವಾಹ ಬರುತ್ತಿದೆ, ದೋಣಿ ಮುಳುಗುತ್ತದೆ ಎಂದು ಮುರಿಗೆಪ್ಪ ಹೇಳಿದ. ದಾವಲ್ ಮೆಟ್ಟಿಲಿಳಿದು ದಡಕ್ಕೆ ಓಡಿದ. ಉಳಿದವರೂ ಕೂಗುತ್ತ ಅವನ ಹಿಂದೆ ಹೋದರು.

ಮುರಿಗೆಪ್ಪ ಕಿಟಕಿ ಬಿಟ್ಟು ಕದಲಲಿಲ್ಲ. ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡು, ತನ್ನ ಮಾತು ನಿಜವಾಗುವುದನ್ನೇ ಕಾಯುತ್ತ ನಿಂತ.

ಕೂಗು ಕೇಳಿದ ಅಂಬಿಗ ದೋಣಿಯನ್ನು ವಾರೆಯಾಗಿ ತಿರುಗಿಸಿದ. ನೀರು ದೋಣಿಯಲ್ಲಿದ್ದವರೆಲ್ಲರ ತಲೆಯ ಮೇಲೆ ಹಾದುಹೋಯಿತು. ಹೇಗೋ ದೋಣಿ ಕೆಳಗಿನ ದಡಕ್ಕೆ ಹತ್ತಿತು.

"ನಿನ್ನ ಲೆಕ್ಕ ತಪ್ಪಿತು," ಮಾಲೀಕನ ದನಿ ಬೆನ್ನ ಹಿಂದೆಯೇ ಇತ್ತು. "ಇರಲಿ. ಅವರೆಲ್ಲ ಕೂಗಿದರು, ನೀನು ಕೂಗಲಿಲ್ಲ. ನಾಳೆಯಿಂದ ಬಾ."

ಆಗ ಹಳೆಯ ನೌಕರರು ತಲೆ ಎತ್ತಿ ಅವನನ್ನು ನೋಡಿದರು. ಯಾರೂ ಹೇಳದೆಯೇ ಸರಿದು ಕೂತು, ನಡುವೆ ಅವನಿಗೊಂದು ಜಾಗ ಬಿಟ್ಟರು.

ಮುರಿಗೆಪ್ಪ ಮಠಕ್ಕೆ ಬಂದು, ಕೆಲಸ ಸಿಕ್ಕಿತು ಎಂದು ಹೇಳಿ, ನಡೆದದ್ದನ್ನೆಲ್ಲ ಒಪ್ಪಿಸಿದ.

"ದೋಣಿ ದಡ ಮುಟ್ಟಿದಾಗ ನಿನಗೇನ್ ಅನಿಸ್ತು?" ಗುರುಗಳು ಕೇಳಿದರು.

"ಬ್ಯಾಸರ ಆತ್ರಿ."

ಹೇಳಿದ ಮೇಲೆ ತನ್ನ ದನಿಗೆ ತಾನೇ ಹೆದರಿದ.

ಊಟಕ್ಕೆ ಮಂದಿ ಬಂದಿದ್ದಾರೆ, ಬಡಿಸು ಎಂದರು ಗುರುಗಳು.

ಪಂಕ್ತಿಯಲ್ಲಿ ಕೂತಿದ್ದವರು ದೋಣಿಯವರೇ. ಅವರ ಬಟ್ಟೆಯಿಂದ ಇನ್ನೂ ಕೆಂಪು ನೀರು ತೊಟ್ಟಿಕ್ಕುತ್ತಿತ್ತು. ಅವನು ಬಡಿಸುತ್ತ ಹೋದಂತೆ ಒಬ್ಬೊಬ್ಬರೇ ಮುಖ ಎತ್ತಿ ಅವನನ್ನೇ ನೋಡತೊಡಗಿದರು.

ಕೊನೆಯಲ್ಲಿದ್ದ ಮುದುಕಿ ಅವನ ಮುಂಗೈ ಹಿಡಿದಳು. ಅವಳ ಕೈ ಹೊಳೆಯಷ್ಟೇ ತಣ್ಣಗಿತ್ತು.

"ಕಿಟಕ್ಯಾಗ ನಿಂತಾವ ನೀನ ಹೌದಲ್ಲೋ ಯಪ್ಪಾ? ನೀರು ಮ್ಯಾಲ ಬಂದಾಗ ನಿನ್ನ ಕಂಡ್ವಿ. ಎದಿಗೆ ಕೈ ಇಟ್ಕೊಂಡು ನಮ್ಮ ಸಲುವಾಗಿ ಬೇಡ್ಕೊಳ್ಳಾಕತ್ತಿದ್ದಿ. ನೀ ಬೇಡಿದ್ದಕ್ಕ ಉಳದ್ವಿ."

ಪಂಕ್ತಿಯವರೆಲ್ಲ ಅವನಿಗೆ ಕೈಮುಗಿದರು.

ಮುರಿಗೆಪ್ಪ ಸೌಟು ಕೆಳಗಿಟ್ಟು ಗುರುಗಳ ಬಳಿ ಹೋದ.

"ಅವರಿಗೆ ನಾ ಏನ್ ಹೇಳ್ಲಿ?"

ಗುರುಗಳು ಪಂಕ್ತಿಯ ತುದಿಗೆ ಇನ್ನೊಂದು ಎಲೆ ಹಾಕಿ ನೀರು ಚಿಮುಕಿಸುತ್ತಿದ್ದರು.

"ಕಿಟಕ್ಯಾಗ ನಿಂತಾವ ಇನ್ನೂ ಅಲ್ಲೇ ನಿಂತಾನ," ಎಂದರು. "ಹೋಗಿ ಕರ್ಕೊಂಡು ಬಾ. ಅವಗೂ ಎಲಿ ಹಾಕೇನಿ."